ಫಿಶ್ ಲೇಕ್ ಗಣಿ ಫೈಲು: ಕೆನಡಾದ ಪರಿಸರ ವಿಚಾರಣೆ ವ್ಯವಸ್ಥೆಗೆ ನನ್ನ ರಿವ್ಯೂ

ಹೋಟ್ಲು, ಫೋನು, ಮಿಕ್ಸಿಗೆಲ್ಲಾ ರಿವ್ಯೂ ಬರೀತೀವಿ, ಸರ್ಕಾರ ನಮ್ಮ ತೆರಿಗೆ ದುಡ್ಡಲ್ಲಿ ನಡೆಸೋ ಸರ್ವಿಸ್‌ಗೆ ಯಾಕೆ ಬರೀಬಾರದು ಅಂತ ಇದನ್ನ ಬರೀತಿದೀನಿ. ಒಂದು ಗಣಿ ಕಂಪನಿ ಇಲ್ಲಿ ಅಗೀತೀವಿ ಅಂತ ಅರ್ಜಿ ಹಾಕಿದಾಗ ಅದರಿಂದ ನೀರು, ಮೀನು, ಕಾಡು, ಜನ ಏನಾಗ್ತಾರೆ ಅಂತ ನೋಡೋದು, ಆ ನೆಲದ ಮೂಲನಿವಾಸಿಗಳ ಮಾತು ಕೇಳೋದು, ಎಲ್ಲಾ ಕಾಗದ ಪತ್ರಾನ ಪಬ್ಲಿಕ್ ಮುಂದೆ ಇಡೋದು, ಇದಕ್ಕೆ ಕೆನಡಾದಲ್ಲಿ ಕೇಂದ್ರ ಸರ್ಕಾರದ ಒಂದು ಏಜೆನ್ಸಿ ಇದೆ. ಮೊದಲು ಕೆನೇಡಿಯನ್ ಎನ್ವಿರಾನ್‌ಮೆಂಟಲ್ ಅಸೆಸ್‌ಮೆಂಟ್ ಏಜೆನ್ಸಿ ಅಂತಿತ್ತು, 2019ರಿಂದ ಇಂಪ್ಯಾಕ್ಟ್ ಅಸೆಸ್‌ಮೆಂಟ್ ಏಜೆನ್ಸಿ ಆಫ್ ಕೆನಡಾ. ಇವರ ಆನ್‌ಲೈನ್ ರಿಜಿಸ್ಟ್ರಿ, ಅಂದ್ರೆ ಆ ಕಾಗದ ಪತ್ರ ಎಲ್ಲಾ ಇಟ್ಟಿರೋ ವೆಬ್‌ಸೈಟು, ಯಾರು ಬೇಕಾದ್ರೂ ಫ್ರೀಯಾಗಿ ನೋಡಬಹುದು, ನೀವು ಬೆಂಗಳೂರಲ್ಲೋ ಶಿರಸಿಯಲ್ಲೋ ಕೂತ್ಕೊಂಡೂ ನೋಡಬಹುದು. ನಾನು ಸಂಡೂರು ಕಡೆಯವಳು, ಈಗ ಇರೋದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕ್ಯಾಮ್ಲೂಪ್ಸ್‌ನಲ್ಲಿ, ಅಲ್ಲೂ ಗಣಿ ಇಲ್ಲೂ ಗಣಿ, ಅದಕ್ಕೇ ಈ ವಿಷಯ ನನಗೆ ತುಂಬಾ ಹತ್ತಿರದ್ದು.

ಮೊದಲೇ ಹೇಳಿಬಿಡ್ತೀನಿ, ಐದಕ್ಕೆ ಮೂರೂವರೆ ಕೊಡ್ತೀನಿ. ಜನರ ಮಾತನ್ನ ಕೇಳಿ, ಬರೆದಿಟ್ಟು, ಅದನ್ನ ಸಾಕ್ಷಿ ಅಂತ ತೂಗೋ ಕೆಲಸದಲ್ಲಿ ಇದು ನಾನು ನೋಡಿರೋದ್ರಲ್ಲೇ ಒಳ್ಳೇ ವ್ಯವಸ್ಥೆ. ಆದ್ರೆ ಕೇಳೋದು ಬೇರೆ, ಒಪ್ಪಿಗೆ ಪಡೆಯೋದು ಬೇರೆ, ಆ ಎರಡನೇದು ಈ ಸರ್ವಿಸ್‌ನಲ್ಲಿ ಇರಲಿಲ್ಲ, ಆ ಜನ ಅದನ್ನ ಕೋರ್ಟಲ್ಲಿ, ರಸ್ತೇಲಿ, ಮಾತುಕತೇಲಿ ತಾವೇ ಹೋರಾಡಿ ತಗೊಂಡ್ರು. ಕಳೆದುಕೊಂಡ ಒಂದೂವರೆ ಸ್ಟಾರ್ ಅದಕ್ಕೇ.

ಸುಮ್ನೆ ಹಂಗೆ ಹಿಂಗೆ ಅಂತ ಹೇಳಿದ್ರೆ ಅರ್ಥ ಆಗಲ್ಲ, ಒಂದು ಫೈಲ್ ಹಿಡ್ಕೊಂಡೇ ಹೇಳ್ತೀನಿ. ಬ್ರಿಟಿಷ್ ಕೊಲಂಬಿಯಾದ ಒಳನಾಡಲ್ಲಿ ವಿಲಿಯಮ್ಸ್ ಲೇಕ್ ಅಂತ ಊರಿದೆ, ಅಲ್ಲಿಂದ ನೈರುತ್ಯಕ್ಕೆ ಸುಮಾರು 125 ಕಿಲೋಮೀಟರ್ ಹೋದ್ರೆ ಫಿಶ್ ಲೇಕ್ ಅನ್ನೋ ಕೆರೆ ಸಿಗತ್ತೆ. ಸಿಲ್ಕೋಟಿನ್ ಜನ ಅದನ್ನ ಟೆಸ್ತಾನ್ ಬಿನಿ ಅಂತಾರೆ. ಆರು ಸಮುದಾಯ ಸೇರಿ ಒಂದು ರಾಷ್ಟ್ರ ಅಂತ ತಮ್ಮನ್ನ ಕರ್ಕೊಳೋ ಜನ ಅವರು. ಕೆರೇಲಿ ರೇನ್‌ಬೋ ಟ್ರೌಟ್ ಮೀನು 80-90 ಸಾವಿರ ಇದೆ ಅಂತ ಲೆಕ್ಕ. ಕೆರೆ ಪಕ್ಕದಲ್ಲೇ ನೆಲದಡಿ ಚಿನ್ನ ಮತ್ತು ತಾಮ್ರದ ಅದಿರು, ಕೆನಡಾದಲ್ಲಿ ಇನ್ನೂ ಮುಟ್ಟದೇ ಇರೋ ಅತಿ ದೊಡ್ಡ ಚಿನ್ನ-ತಾಮ್ರ ನಿಕ್ಷೇಪಗಳಲ್ಲಿ ಅದೂ ಒಂದು. ಟಸೆಕೋ ಮೈನ್ಸ್ ಅನ್ನೋ ಕಂಪನಿ ಅಲ್ಲಿ ದಿನಕ್ಕೆ 70,000 ಟನ್ ಅದಿರು ಅರೆಯೋ ತೆರೆದ ಗಣಿ ಮಾಡ್ತೀವಿ ಅಂತ ಬಂತು, ಪ್ರಾಸ್ಪೆರಿಟಿ ಅಂತ ಹೆಸರಿಟ್ಟಿದ್ರು. ಮೊದಲನೇ ಪ್ಲಾನ್‌ನಲ್ಲಿ ಕೆರೇನ ಪೂರ್ತಿ ಬತ್ತಿಸಿ, ಬದಲಿಗೆ ಬೇರೆ ಕಡೆ ಒಂದು ಕೃತಕ ಕೆರೆ ಕಟ್ಟಿ ಮೀನು ಬಿಡ್ತೀವಿ ಅಂತ ಇತ್ತು. ಪಕ್ಕದ ಚಿಕ್ಕ ಕೆರೆ, ಅವರ ಭಾಷೇಲಿ ಯಾನಾ ಬಿನಿ, ಅದರ ಮೇಲೆ ಟೇಲಿಂಗ್ಸ್ ಹಾಕೋದು. ಟೇಲಿಂಗ್ಸ್ ಅಂದ್ರೆ ಅದಿರು ಅರೆದು ಲೋಹ ತೆಗೆದ ಮೇಲೆ ಉಳಿಯೋ ಕೆಸರು, ಕುದುರೆಮುಖದ ಲಕ್ಯಾ ಡ್ಯಾಂ ನೋಡಿದೋರಿಗೆ ಅದೇನು ಅಂತ ಬೇರೆ ಹೇಳಬೇಕಾಗಿಲ್ಲ.

ಈಗ ಸರ್ವಿಸ್ ಹೇಗೆ ಕೆಲಸ ಮಾಡತ್ತೆ ನೋಡಿ. ದೊಡ್ಡ ವಿವಾದದ ಪ್ರಾಜೆಕ್ಟ್ ಆದ್ರೆ ಮಂತ್ರಿ ಮೂರು ಜನರ ರಿವ್ಯೂ ಪ್ಯಾನೆಲ್ ನೇಮಿಸ್ತಾರೆ. ಪರಿಣಾಮದ ರಿಪೋರ್ಟ್ ಬರೆಯೋದು ಕಂಪನೀನೇ, ಅದು ನಮ್ಮಲ್ಲೂ ಹಂಗೇ, ಗಣಿ ಮಾಡೋನೇ ಕನ್ಸಲ್ಟೆಂಟ್‌ಗೆ ದುಡ್ಡು ಕೊಟ್ಟು ಇಐಎ, ಅಂದ್ರೆ ಪರಿಸರ ಪರಿಣಾಮದ ಅಧ್ಯಯನ ಮಾಡಿಸ್ತಾನೆ. ಆದ್ರೆ ಇಲ್ಲಿ ಆ ರಿಪೋರ್ಟ್ ಬಂದ ಮೇಲೆ ಪ್ಯಾನೆಲ್ ಪ್ರಶ್ನೆ ಕಳಿಸತ್ತೆ, ಸರ್ಕಾರದ್ದೇ ಬೇರೆ ಬೇರೆ ಇಲಾಖೆ ವಿಜ್ಞಾನಿಗಳು, ಅಂದ್ರೆ ಮೀನುಗಾರಿಕೆ, ನೈಸರ್ಗಿಕ ಸಂಪನ್ಮೂಲ, ಪರಿಸರ, ಆರೋಗ್ಯ, ಇವರೆಲ್ಲಾ ತಮ್ಮ ಅಭಿಪ್ರಾಯ ಬರೆದು ಕೊಡ್ತಾರೆ, ಮೂಲನಿವಾಸಿಗಳು ತಮ್ಮದೇ ಎಕ್ಸ್‌ಪರ್ಟ್ ಇಟ್ಕೊಳ್ಳೋಕೆ ಸರ್ಕಾರದಿಂದ ಒಂದಷ್ಟು ಫಂಡ್ ಇರತ್ತೆ, ಆಮೇಲೆ ಬಹಿರಂಗ ವಿಚಾರಣೆ, ಅಲ್ಲಿ ಯಾರು ಏನು ಹೇಳಿದ್ರೂ ಅಕ್ಷರಶಃ ಬರೆದು ರಿಜಿಸ್ಟ್ರಿಗೆ ಹಾಕ್ತಾರೆ. ಕಂಪನಿ ಪತ್ರ, ವಿರೋಧಿಗಳ ಪತ್ರ, ಊರಿನ ಅಂಗಡಿಯವರ ಪತ್ರ, ಎಲ್ಲಾ ಒಂದೇ ಕಡೆ. ಹತ್ತು ವರ್ಷದ ಮೇಲಾದ ಫೈಲೂ ಹಾಗೇ ಕೂತಿದೆ ಅನ್ನೋದು ನನಗೆ ಬಹಳ ದೊಡ್ಡ ವಿಷಯ, ಯಾಕಂದ್ರೆ ಗಣಿ ವಿಷಯದಲ್ಲಿ ಯಾರು ಯಾವಾಗ ಏನು ಮಾತು ಕೊಟ್ಟಿದ್ರು ಅನ್ನೋದು ಮರೆತು ಹೋಗೋದೇ ಜನರಿಗೆ ಆಗೋ ಮೊದಲನೇ ನಷ್ಟ.

ಪ್ರಾಸ್ಪೆರಿಟಿ ವಿಷಯದಲ್ಲಿ ಎರಡು ವಿಚಾರಣೆ ಅಕ್ಕಪಕ್ಕ ನಡೀತು, ಪ್ರಾಂತ್ಯದ್ದೊಂದು, ಒಟ್ಟಾವಾದ್ದೊಂದು, ಅಂದ್ರೆ ಕೇಂದ್ರ ಸರ್ಕಾರದ್ದು. ಪ್ರಾಂತ್ಯ ಸರ್ಕಾರ ಕೆರೆ ಹೋಗೋದು ಗಂಭೀರ ನಷ್ಟ ಅಂತ ಒಪ್ಕೊಂಡೂ, ಕೆಲಸ ಸಿಗತ್ತೆ ಆದಾಯ ಬರತ್ತೆ ಅನ್ನೋ ಕಾರಣಕ್ಕೆ ಸರಿ ಅಂತ 2010ರ ಜನವರಿಯಲ್ಲಿ ಸರ್ಟಿಫಿಕೇಟ್ ಕೊಟ್ಟುಬಿಡ್ತು. ಕೇಂದ್ರದ ಪ್ಯಾನೆಲ್ ಅದೇ ವರ್ಷ ವಸಂತ ಕಾಲದಲ್ಲಿ ಹಿಯರಿಂಗ್ ಮಾಡಿ ಜುಲೈನಲ್ಲಿ ರಿಪೋರ್ಟ್ ಕೊಟ್ತು, ಮೀನಿಗೆ, ಸಿಲ್ಕೋಟಿನ್ ಜನ ಆ ನೆಲ ಬಳಸೋ ರೀತಿಗೆ, ಅವರ ಸಾಂಸ್ಕೃತಿಕ ಪರಂಪರೆಗೆ, ಗ್ರಿಝ್ಲಿ ಕರಡಿಗಳಿಗೆ ಗಂಭೀರ ಹಾನಿ ಅಂತ. 2010ರ ನವೆಂಬರ್ 2ಕ್ಕೆ ಕೇಂದ್ರ ಸಂಪುಟ ಬೇಡ ಅಂತು. ಒಂದೇ ಕೆರೆ, ಒಂದೇ ಕಂಪನಿ, ಒಂದೇ ಪ್ಲಾನು, ತೀರ್ಮಾನ ಮಾತ್ರ ಎರಡು. ಇದರಲ್ಲೇ ಗೊತ್ತಾಗತ್ತೆ, ವಿಜ್ಞಾನ ಎಷ್ಟೇ ಇದ್ರೂ ಯಾರನ್ನ ಕೇಳಿದ್ರಿ, ಎಲ್ಲಿ ಕೂತು ಕೇಳಿದ್ರಿ ಅನ್ನೋದರ ಮೇಲೆ ಉತ್ತರ ಬದಲಾಗತ್ತೆ ಅಂತ.

ಈ ಎಲ್ಲಿ ಕೂತು ಕೇಳಿದ್ರಿ ಅನ್ನೋದೇ ನನಗೆ ಈ ಸರ್ವಿಸ್‌ನಲ್ಲಿ ಅತಿ ಹೆಚ್ಚು ಇಷ್ಟ ಆಗಿರೋದು. ಪ್ಯಾನೆಲ್‌ನವರು ವಿಲಿಯಮ್ಸ್ ಲೇಕ್‌ನಲ್ಲಿ ಹಾಲ್ ಬುಕ್ ಮಾಡಿ ಎಲ್ಲರೂ ಇಲ್ಲಿಗೇ ಬನ್ನಿ ಅನ್ನಲಿಲ್ಲ, ಅದೂ ಇತ್ತು ಆದ್ರೆ ಅದರ ಜೊತೆಗೆ ಸಿಲ್ಕೋಟಿನ್ ಸಮುದಾಯಗಳಿಗೇ ಹೋಗಿ ಅವರ ಸಭಾಭವನದಲ್ಲೇ ಕೂತು ಕೇಳಿದ್ರು. ಹಿರಿಯರು ತಮ್ಮ ಭಾಷೇಲೇ ಮಾತಾಡಿದ್ರು. ಟ್ರಾನ್ಸ್‌ಕ್ರಿಪ್ಟ್ ಓದ್ತಾ ಹೋದ್ರೆ ಅದು ಅರ್ಜಿ ಥರ ಇಲ್ಲ, ಯಾವ ತಿಂಗಳು ಎಲ್ಲಿ ಮೀನು ಹಿಡೀತೀವಿ, ನದೀಲಿ ಸಾಲ್ಮನ್ ಕಮ್ಮಿ ಬಂದ ವರ್ಷ ಈ ಕೆರೆ ಮೀನೇ ಹೇಗೆ ಕೈ ಹಿಡಿಯತ್ತೆ, ಮಕ್ಕಳಿಗೆ ಬಲೆ ಹಾಕೋದು ಎಲ್ಲಿ ಕಲಿಸ್ತೀವಿ, ಯಾವ ಗಿಡ ಯಾವ ನೋವಿಗೆ, ಅಜ್ಜ ಅಜ್ಜಿ ಮನೆ ಎಲ್ಲಿತ್ತು, ಸಮಾಧಿ ಎಲ್ಲಿದೆ, ಹೀಗೆ. ನಬಾಸ್ ಅನ್ನೋ ಜಾಗ, ಅಂದ್ರೆ ಎರಡು ಕೆರೆ ಸುತ್ತಲಿನ ಪ್ರದೇಶ, ಅಲ್ಲಿ ಸಂಸಾರಗಳು ವಾಸ ಇದ್ದ ಗುರುತು, ಬೇಸಿಗೆಯಲ್ಲಿ ಎಲ್ಲಾ ಸೇರೋ ಹುಲ್ಲುಗಾವಲು. ಪ್ಯಾನೆಲ್ ಇದನ್ನೆಲ್ಲಾ ಭಾವನೆ ಅಂತ ಪಕ್ಕಕ್ಕಿಡದೇ ಸಾಕ್ಷ್ಯ ಅಂತ ತಗೊಂಡು, ಈ ಜಾಗ ಹೋದ್ರೆ ಇದಕ್ಕೆ ಬದಲಿ ಇನ್ನೆಲ್ಲೂ ಇಲ್ಲ, ದುಡ್ಡಿಂದಾಗಲಿ ಕೃತಕ ಕೆರೆಯಿಂದಾಗಲಿ ತುಂಬೋ ನಷ್ಟ ಅಲ್ಲ ಅನ್ನೋ ಅಭಿಪ್ರಾಯಕ್ಕೆ ಬಂತು. ಪರಿಸರ ವರದಿ ಅಂದ್ರೆ ಪಿಎಚ್ ಎಷ್ಟು, ಧೂಳು ಎಷ್ಟು ಮೈಕ್ರೋಗ್ರಾಂ ಅಂತಷ್ಟೇ ಓದಿ ಅಭ್ಯಾಸ ಆಗಿರೋ ನನಗೆ ಆ ಅಧ್ಯಾಯಗಳು ಓದ್ತಾ ಗಂಟಲು ಕಟ್ಟಿತು.

ಇದು ಸುಲಭವಾಗಿ ಆಗಿದ್ದಲ್ಲ ಅನ್ನೋದೂ ಹೇಳಬೇಕು. ಮೊದಲನೇ ಹಿಯರಿಂಗ್ ಆದ ಮೇಲೆ ಕಂಪನಿ ಕಡೆಯಿಂದ ಮಂತ್ರಿಗೆ ಪತ್ರ ಹೋಗಿತ್ತು, ಮುಂದಿನ ವಿಚಾರಣೇಲಿ ಮೂಲನಿವಾಸಿಗಳ ಪ್ರಾರ್ಥನೆಗೆಲ್ಲಾ ಅವಕಾಶ ಕೊಡಬೇಡಿ ಅಂತ, ಅದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ ಆಯ್ತು. ಸಿಲ್ಕೋಟಿನ್ ಜನರಿಗೆ ಸರ್ಕಾರದ ಜೊತೆ ಕೂತು ಮಾತಾಡೋದು ಅಂದ್ರೆ ಏನು ನೆನಪಿಗೆ ಬರತ್ತೆ ಅಂತ ಗೊತ್ತಿದ್ರೆ ಆ ಪ್ರಾರ್ಥನೆ ಯಾಕೆ ಬೇಕಿತ್ತು ಅಂತ ಗೊತ್ತಾಗತ್ತೆ. 1862ರಲ್ಲಿ ಸಿಡುಬು ಬಂದು ಊರಿಗೆ ಊರೇ ಖಾಲಿ ಆಗಿತ್ತು, 1864ರಲ್ಲಿ ಚಿನ್ನದ ಗಣಿಗಳ ಕಡೆಗೆ ಇವರ ನೆಲದ ಮೇಲೇ ರಸ್ತೆ ಮಾಡೋಕೆ ಬಂದಾಗ ಯುದ್ಧ ಆಯ್ತು, ಶಾಂತಿ ಮಾತುಕತೆಗೆ ಬನ್ನಿ ಅಂತ ಕರೆದು, ನಂಬಿ ಬಂದ ಮುಖಂಡರನ್ನ ಹಿಡಿದು ಅಕ್ಟೋಬರ್ 26ಕ್ಕೆ ಕ್ವೆಸ್ನೆಲ್‌ನಲ್ಲಿ ಐವರನ್ನ ನೇಣಿಗೆ ಹಾಕಿದ್ರು, ಮುಂದಿನ ವರ್ಷ ಇನ್ನೊಬ್ಬರನ್ನ. 2018ರ ಮಾರ್ಚ್‌ನಲ್ಲಿ ಪ್ರಧಾನಿ ಜಸ್ಟಿನ್ ಟ್ರೂಡೋ ಪಾರ್ಲಿಮೆಂಟಲ್ಲಿ ನಿಂತು ಅವರು ನಿರಪರಾಧಿಗಳು ಅಂತ ಹೇಳಿದ್ರು. ಕರೆದು ಮಾತಾಡಿಸೋದು ಅನ್ನೋದಕ್ಕೆ ಆ ನೆಲದಲ್ಲಿ ಇಂಥ ಚರಿತ್ರೆ ಇದೆ. ಎಂಗೇಜ್‌ಮೆಂಟ್ ಅಂತ ಪವರ್‌ಪಾಯಿಂಟ್ ಹಿಡ್ಕೊಂಡು ಹೋಗೋ ಕಂಪನಿಯವ್ರೆಲ್ಲಾ ಮೊದಲು ಓದಬೇಕಾಗಿರೋದು ಇದನ್ನ.

ಎರಡನೇ ಸುತ್ತು ಇನ್ನೂ ಸ್ವಾರಸ್ಯ ಇದೆ, ಟೆಕ್ನಿಕಲ್ ವಿಷಯ ಇಷ್ಟ ಇರೋರು ಇದನ್ನ ಬಿಡಬೇಡಿ. ಕೆರೆ ಉಳಿಸಿ ಗಣಿ ಮಾಡೋಕಾಗಲ್ಲ ಅಂತ ಮೊದಲು ಹೇಳಿದ್ದ ಕಂಪನಿ 2011ರಲ್ಲಿ ನ್ಯೂ ಪ್ರಾಸ್ಪೆರಿಟಿ ಅಂತ ಹೊಸ ಪ್ಲಾನ್ ತಂತು, ಲೋಹದ ರೇಟು ಏರಿದೆ, ಹೆಚ್ಚುವರಿ 300 ಮಿಲಿಯನ್ ಡಾಲರ್ ಖರ್ಚು ಮಾಡಿ ಫಿಶ್ ಲೇಕ್ ಉಳಿಸ್ತೀವಿ, ಟೇಲಿಂಗ್ಸ್‌ನ ಎರಡು ಕಿಲೋಮೀಟರ್ ಮೇಲಕ್ಕೆ ಹಾಕ್ತೀವಿ ಅಂತ. ಕೇಳೋಕೆ ಚೆನ್ನಾಗಿದೆ ಅಲ್ವಾ, ಆದ್ರೆ ಮೇಲಕ್ಕೆ ಅಂದ್ರೆ ನೀರು ಹರಿದು ಬರೋ ಕಡೆ, ಅಂದ್ರೆ ಅಲ್ಲಿಂದ ಸೋರಿದ್ದೆಲ್ಲಾ ಬರೋದು ಇದೇ ಕೆರೆಗೆ. ಚಿಕ್ಕ ಕೆರೆ ಯಾನಾ ಬಿನಿ ಹೊಸ ಪ್ಲಾನಲ್ಲೂ ಹೋಗ್ತಿತ್ತು. ಆಗ ಪ್ರಶ್ನೆ ಒಂದೇ ಉಳೀತು, ಎಷ್ಟು ಸೋರತ್ತೆ? ಕಂಪನಿ ಒಂದು ಲೆಕ್ಕ ಕೊಟ್ತು. ನೈಸರ್ಗಿಕ ಸಂಪನ್ಮೂಲ ಇಲಾಖೆಯ ವಿಜ್ಞಾನಿಗಳು ತಮ್ಮದೇ ಮಾಡೆಲ್ ಹಾಕಿ ನೋಡಿದ್ರೆ ಅದಕ್ಕಿಂತ ಸುಮಾರು 11 ಪಟ್ಟು ಹೆಚ್ಚು ಬಂತು. ಹನ್ನೊಂದು ಪಟ್ಟು! ಕಂಪನಿ ಹೇಳಿದ್ದು ನೀವು ನಮ್ಮ ಡಿಸೈನ್‌ನ ಸರಿಯಾಗಿ ತಗೊಂಡಿಲ್ಲ, ತಳದಲ್ಲಿ ನಾವು ಗಟ್ಟಿ ಮಾಡೋ ಮಣ್ಣಿನ ಪದರ ನಿಮ್ಮ ಲೆಕ್ಕದಲ್ಲಿ ಇಲ್ಲ ಅಂತ. ಇಲಾಖೆಯವರು ತಮ್ಮ ಲೆಕ್ಕಕ್ಕೇ ಅಂಟಿಕೊಂಡ್ರು. ಈ ವಾದ ಪ್ರತಿವಾದ ಪೂರ್ತಿ ರಿಜಿಸ್ಟ್ರಿಯಲ್ಲಿದೆ, ಭೂಜಲ ಓದೋ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೇ ಪಾಠ ಸಿಗಲ್ಲ ಅಂತ ನಂಬ್ತೀನಿ, ಯಾಕಂದ್ರೆ ಒಂದೇ ನೆಲ, ಒಂದೇ ಬೋರ್‌ಹೋಲ್ ಡೇಟಾ ಇಟ್ಕೊಂಡು ಇಬ್ಬರು ಪರಿಣತರು ಇಷ್ಟು ದೂರ ಹೇಗೆ ಹೋಗ್ತಾರೆ ಅಂತ ಇದರಲ್ಲಿ ಕಾಣತ್ತೆ.

ಪ್ಯಾನೆಲ್ 2013ರ ಜುಲೈ ಆಗಸ್ಟ್‌ನಲ್ಲಿ ಹಿಯರಿಂಗ್ ಮಾಡ್ತು, ಅಕ್ಟೋಬರ್ 31ಕ್ಕೆ ರಿಪೋರ್ಟ್. ಸೋರಿಕೆ ಕಂಪನಿ ಹೇಳಿದ್ದಕ್ಕಿಂತ ಬಹಳ ಜಾಸ್ತಿ ಇರತ್ತೆ, ಕೆರೆ ನೀರು ಕೆಡತ್ತೆ, ನೀರನ್ನ ತಿರುಗಿಸಿ ತಿರುಗಿಸಿ ಹಾಕಿ ದೀರ್ಘಕಾಲ ಕೆರೇನ ಆರೋಗ್ಯವಾಗಿ ಇಡೋ ಯೋಜನೆ ಫಲಿಸೋದು ಅನುಮಾನ, ಮೀನಿಗೆ ಹಾನಿ, ಸಿಲ್ಕೋಟಿನ್ ಜನರ ಬಳಕೆಗೆ ಮತ್ತು ಪರಂಪರೆಗೆ ಹಾನಿ ಅಂತ ಬರೆದ್ರು. 2014ರ ಫೆಬ್ರವರಿ 26ಕ್ಕೆ ಕೇಂದ್ರ ಎರಡನೇ ಸಲ ಬೇಡ ಅಂತು. ಕಂಪನಿ ಕೋರ್ಟಿಗೆ ಹೋಯ್ತು, ಫೆಡರಲ್ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ವಜಾ, ಅಪೀಲು 2019ರ ಡಿಸೆಂಬರ್‌ನಲ್ಲಿ ವಜಾ, 2020ರ ಮೇನಲ್ಲಿ ಸುಪ್ರೀಂ ಕೋರ್ಟ್ ಕೇಸನ್ನ ಕೇಳೋದೇ ಇಲ್ಲ ಅಂತು. ಪ್ಯಾನೆಲ್ ಮಾಡಿದ ಕೆಲಸ ಎಷ್ಟು ಗಟ್ಟಿ ಇತ್ತು ಅನ್ನೋದಕ್ಕೆ ಇದೇ ಪರೀಕ್ಷೆ, ಅದರಲ್ಲಿ ಪಾಸ್.

ಒಂದು ಮಾತು ನ್ಯಾಯವಾಗಿ ಹೇಳಬೇಕು. ವಿಲಿಯಮ್ಸ್ ಲೇಕ್ ಕಡೆ ಗಣಿ ಬೇಕು ಅಂದೋರು ಕೆಟ್ಟೋರಲ್ಲ. ಪೈನ್ ಮರಗಳಿಗೆ ದುಂಬಿ ಬಿದ್ದು ಕಾಡಿಗೆ ಕಾಡೇ ಒಣಗಿ ಮರದ ಉದ್ಯಮ ಕುಸಿದಿತ್ತು, ಮಕ್ಕಳು ಊರು ಬಿಟ್ಟು ಹೋಗ್ತಿದ್ರು, ಅವರಿಗೆ ಈ ಗಣಿ ಒಂದು ಆಸರೆ ಥರ ಕಂಡಿತ್ತು. ಅವರ ಮಾತೂ ಟ್ರಾನ್ಸ್‌ಕ್ರಿಪ್ಟ್‌ನಲ್ಲಿದೆ, ಅದನ್ನೂ ಓದಿ. ಸಂಡೂರಲ್ಲಿ ಬೆಳೆದೋರಿಗೆ ಆ ಮಾತು ಹೊಸದಲ್ಲ, ಲಾರಿ ಓಡ್ತಿದ್ರೆ ಮನೇಲಿ ಒಲೆ ಉರಿಯತ್ತೆ, ಲಾರಿ ಓಡ್ತಿದ್ರೆ ಹೊಲದ ಮೇಲೆ ಕೆಂಪು ಧೂಳೂ ಕೂರತ್ತೆ, ಎರಡೂ ನಿಜ.

ಇನ್ನು ಎಲ್ಲಿ ಸೋತಿದೆ ಅಂತ ಹೇಳ್ತೀನಿ, ಇದು ಸ್ವಲ್ಪ ಉದ್ದ ಆಗತ್ತೆ.

ಮೊದಲನೇದು, ಈ ಜನರನ್ನ ಎಷ್ಟು ಸಲ ಬೇಡ ಅನ್ನಿಸ್ತೀರಿ? ಒಂದು ವಿಚಾರಣೆ ಮುಗಿದು ಬೇಡ ಅಂತಾದ ಒಂದೇ ವರ್ಷದಲ್ಲಿ ಪ್ಲಾನ್ ಸ್ವಲ್ಪ ಬದಲಾಯಿಸಿ ಮತ್ತೆ ಅರ್ಜಿ, ಮತ್ತೆ ಅದೇ ಹಿರಿಯರು ಅದೇ ಮೈಕ್ ಮುಂದೆ ಬಂದು ಅದೇ ಸಮಾಧಿಗಳ ಬಗ್ಗೆ ಮತ್ತೆ ಅಪರಿಚಿತರಿಗೆ ಹೇಳಬೇಕು. ಕಂಪನಿಗೆ ಅದು ಕೆಲಸದ ಒಂದು ಭಾಗ, ಸಂಬಳ ತಗೊಂಡು ಮಾಡೋರಿರ್ತಾರೆ. ಸಮುದಾಯಕ್ಕೆ ಅದು ಬೇಟೆ ಬಿಟ್ಟು, ಮೀನು ಬಿಟ್ಟು, ಶಾಲೆ ಆಸ್ಪತ್ರೆ ಕೆಲಸ ಬಿಟ್ಟು ವರ್ಷಗಟ್ಟಲೆ ರಿಪೋರ್ಟ್ ಓದೋ ಕೆಲಸ. ಸಾವಿರಾರು ಪುಟ ಇರತ್ತೆ, ಇಂಗ್ಲಿಷಲ್ಲಿರತ್ತೆ, ಕಾಮೆಂಟ್ ಕೊಡೋಕೆ ದಿನ ಎಣಿಸಿ ಕೊಟ್ಟಿರ್ತಾರೆ. ಪಾರ್ಟಿಸಿಪೆಂಟ್ ಫಂಡಿಂಗ್ ಇದೆ ನಿಜ, ಆದ್ರೆ ಗಣಿ ಕಂಪನಿ ಬಜೆಟ್ ಮುಂದೆ ಅದು ಏನೇನೂ ಅಲ್ಲ.

ಎರಡನೇದು, ಪ್ಯಾನೆಲ್ ಶಿಫಾರಸು ಮಾಡಬಹುದು ಅಷ್ಟೇ, ಕೊನೇ ಮಾತು ಸಂಪುಟದ್ದು. ಗಂಭೀರ ಹಾನಿ ಇದೆ ಅಂತ ಪ್ಯಾನೆಲ್ ಹೇಳಿದ ಮೇಲೂ, ಪರಿಸ್ಥಿತಿ ನೋಡಿದ್ರೆ ಹಾನಿ ಸಮರ್ಥನೀಯ ಅಂತ ಸಂಪುಟ ಒಪ್ಪಿಗೆ ಕೊಡೋಕೆ ಕಾನೂನಲ್ಲಿ ದಾರಿ ಇತ್ತು. ಫಿಶ್ ಲೇಕ್‌ಗೆ ಹಂಗಾಗಲಿಲ್ಲ, ಆಗಬಹುದಿತ್ತು. ಇನ್ನೊಂದು, ಈ ನೆಲದ ಮೇಲೆ ಸಿಲ್ಕೋಟಿನ್ ಜನರ ಹಕ್ಕು ಎಷ್ಟು ಅಂತ ತೀರ್ಮಾನ ಮಾಡೋ ಅಧಿಕಾರವೇ ಪ್ಯಾನೆಲ್‌ಗೆ ಇರಲಿಲ್ಲ, ಮಾಹಿತಿ ತಗೋಬಹುದು ಅಷ್ಟೇ. ಆ ಜನ ಮಾತಾಡ್ತಿದ್ದಿದ್ದೇ ಹಕ್ಕಿನ ಬಗ್ಗೆ.

ಮೂರನೇದು ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ್ದು. ಕೇಂದ್ರ ಎರಡೆರಡು ಸಲ ಬೇಡ ಅಂದ ಮೇಲೂ, 2017ರ ಜುಲೈನಲ್ಲಿ ಪ್ರಾಂತ್ಯದ ಹಳೇ ಸರ್ಕಾರ ಅಧಿಕಾರ ಬಿಟ್ಟು ಹೋಗೋ ಹೊತ್ತಿಗೆ ಅದೇ ಜಾಗದಲ್ಲಿ ಪರಿಶೋಧನೆಗೆ ಪರ್ಮಿಟ್ ಕೊಡ್ತು: 122 ಕಡೆ ಡ್ರಿಲ್ ಹೋಲ್, 367 ಪರೀಕ್ಷಾ ಗುಂಡಿ, 76 ಕಿಲೋಮೀಟರ್ ರಸ್ತೆ ಮತ್ತು ಜಾಡು. ಆಗ ಆ ಕಡೆ ಎಲ್ಲಾ ಕಾಡ್ಗಿಚ್ಚು, ಜನ ಮನೆ ಮಠ ಬಿಟ್ಟು ಓಡ್ತಿದ್ರು. ಆಗದೇ ಇರೋ ಗಣಿಗೆ ಡ್ರಿಲ್ ಯಾಕೆ ಅಂತ ಸಿಲ್ಕೋಟಿನ್ ಜನ ಕೇಳಿದ್ರು, ಕೋರ್ಟಿಗೆ ಹೋದ್ರು, ಅಲ್ಲಿ ಪರ್ಮಿಟ್ ಉಳ್ಕೊಂತು. 2019ರ ಜುಲೈನಲ್ಲಿ ಕಂಪನಿ ಮಷಿನ್ ತಗೊಂಡು ಬಂದಾಗ ರಸ್ತೆಗೆ ಅಡ್ಡ ನಿಂತು ಶಾಂತವಾಗಿ ವಾಪಸ್ ಕಳಿಸಿದ್ರು, ಆಮೇಲೆ ಡ್ರಿಲ್ ನಿಲ್ಲಿಸೋ ಕೋರ್ಟ್ ತಡೆಯಾಜ್ಞೆ ಸಿಲ್ಕೋಟಿನ್ ಜನರಿಗೆ ಸಿಕ್ಕಿತು, ಆ ವರ್ಷದ ಕೊನೆಗೆ ಎಲ್ಲರೂ ಸುಮ್ಮನಿದ್ದು ಮಾತಾಡೋಣ ಅನ್ನೋ ಒಪ್ಪಂದಕ್ಕೆ ಬಂದ್ರು. ವಿಚಾರಣೆ ಅನ್ನೋ ಸರ್ವಿಸ್‌ನ ಎರಡು ಸಲ ಪೂರ್ತಿ ಬಳಸಿ ಎರಡು ಸಲ ಗೆದ್ದ ಜನ ಮತ್ತೆ ರಸ್ತೇಲಿ ನಿಲ್ಲಬೇಕಾಯ್ತು ಅಂದ್ರೆ ಆ ಸರ್ವಿಸ್‌ನಲ್ಲಿ ಏನೋ ದೊಡ್ಡದು ಬಿಟ್ಟು ಹೋಗಿದೆ ಅಂತಲೇ ಅರ್ಥ.

ಬಿಟ್ಟು ಹೋಗಿರೋದು ಒಪ್ಪಿಗೆ. ಅದರ ಕಥೆ ಬೇರೆ ದಾರೀಲಿ ನಡೀತು. ಇದೇ ಜನರಲ್ಲಿ ಹೊನಿ ಗ್ವಿಟೀನ್ ಸಮುದಾಯದ ಮುಖ್ಯಸ್ಥರಾಗಿದ್ದ ರೋಜರ್ ವಿಲಿಯಂ ಹೆಸರಲ್ಲಿ ಒಂದು ಕೇಸ್ ಇತ್ತು, ಶುರುವಾಗಿದ್ದು ಮರ ಕಡಿಯೋ ಲೈಸೆನ್ಸ್ ವಿರುದ್ಧ. ಕೆಳಗಿನ ಕೋರ್ಟಲ್ಲಿ ವಿಚಾರಣೆ 339 ದಿನ ನಡೀತು. 2014ರ ಜೂನ್ 26ಕ್ಕೆ ಕೆನಡಾ ಸುಪ್ರೀಂ ಕೋರ್ಟ್ ಸುಮಾರು 1,750 ಚದರ ಕಿಲೋಮೀಟರ್ ನೆಲಕ್ಕೆ ಸಿಲ್ಕೋಟಿನ್ ಜನರೇ ಒಡೆಯರು ಅಂತ ಘೋಷಿಸ್ತು, ಆ ದೇಶದಲ್ಲಿ ಒಂದು ನಿರ್ದಿಷ್ಟ ನೆಲಕ್ಕೆ ಹೀಗೆ ಮೂಲನಿವಾಸಿ ಒಡೆತನ ಘೋಷಣೆ ಆಗಿದ್ದು ಅದೇ ಮೊದಲು. ಫಿಶ್ ಲೇಕ್ ಆ ಗಡಿಯಿಂದ ಆಚೆ ಇದೆ, ಆದ್ರೆ ಅಲ್ಲಿ ಬೇಟೆ ಆಡೋ, ಬೋನಿಡೋ ಹಕ್ಕು ಅವರಿಗಿದೆ ಅನ್ನೋದು ಅದೇ ಕೇಸಲ್ಲಿ ಕೆಳಗಿನ ಕೋರ್ಟಲ್ಲೇ ಸಾಬೀತಾಗಿತ್ತು. ಆ ತೀರ್ಪು ಬಂದು ಆರು ವಾರ ಆಗಿರಲಿಲ್ಲ, ಆಗಸ್ಟ್ 4ಕ್ಕೆ ಅದೇ ವಿಲಿಯಮ್ಸ್ ಲೇಕ್ ಸೀಮೆಯಲ್ಲೇ ಮೌಂಟ್ ಪಾಲಿ ಅನ್ನೋ ಬೇರೆ ಕಂಪನಿ ಗಣಿಯ ಟೇಲಿಂಗ್ಸ್ ಡ್ಯಾಂ ಒಡೀತು, ಸುಮಾರು 25 ಮಿಲಿಯನ್ ಘನ ಮೀಟರ್ ನೀರು ಕೆಸರು ಕ್ವೆಸ್ನೆಲ್ ಸರೋವರದ ಕಡೆ ನುಗ್ಗಿತು. ಟೇಲಿಂಗ್ಸ್ ಸೋರಲ್ಲ ಒಡೆಯಲ್ಲ ಅನ್ನೋ ಭರವಸೆನ ಅವತ್ತಿಂದ ಆ ಕಡೆ ಯಾರೂ ಸುಲಭವಾಗಿ ನಂಬಲ್ಲ.

ಕೊನೆಗೆ 2025ರ ಜೂನ್‌ನಲ್ಲಿ ಸಿಲ್ಕೋಟಿನ್ ರಾಷ್ಟ್ರ, ಪ್ರಾಂತ್ಯ ಸರ್ಕಾರ, ಟಸೆಕೋ ಮೂವರೂ ಒಪ್ಪಂದಕ್ಕೆ ಬಂದ್ರು. ಸಿಲ್ಕೋಟಿನ್ ಒಪ್ಪಿಗೆ ಇಲ್ಲದೇ ಅಲ್ಲಿ ಗಣಿ ಇಲ್ಲ. ಟಸೆಕೋ ಆ ಗಣಿನ ತಾನೇ ನಡೆಸೋಕೆ ಮುಂದಾಗೋ ಹಾಗಿಲ್ಲ. ಪ್ರಾಂತ್ಯ ಕಂಪನಿಗೆ 75 ಮಿಲಿಯನ್ ಡಾಲರ್ ಕೊಡ್ತು. ಗಣಿ ಹಕ್ಕಿನ 22.5 ಶೇಕಡಾ ಪಾಲು ಒಂದು ಟ್ರಸ್ಟ್‌ನಲ್ಲಿ, ಮುಂದೆ ಯಾವತ್ತಾದ್ರೂ ಸಿಲ್ಕೋಟಿನ್ ಜನ ತಾವಾಗೇ ಒಪ್ಪಿದ್ರೆ ಆಗ ಅದು ಅವರ ಕೈಗೆ. ಆ ಪ್ರದೇಶದಲ್ಲಿ ಏನಾಗಬೇಕು ಅನ್ನೋ ಭೂಬಳಕೆ ಯೋಜನೆಯಲ್ಲೂ ಅವರೇ ಮುಂದೆ. ಈ ಒಂದು ಸಾಲು, ಒಪ್ಪಿಗೆ ಇಲ್ಲದೇ ಇಲ್ಲ ಅನ್ನೋದು, 2010ರಲ್ಲೇ ಕಾನೂನಲ್ಲಿ ಇದ್ದಿದ್ರೆ ಒಂದಿಡೀ ತಲೆಮಾರು ಹೋರಾಟದಲ್ಲೇ ಕಳೀಬೇಕಾಗಿರಲಿಲ್ಲ. ಕಂಪನಿಗೂ ಇಷ್ಟು ವರ್ಷ, ಇಷ್ಟು ದುಡ್ಡು ಉಳೀತಿತ್ತು.

ನಾನಿರೋ ಊರಲ್ಲೂ ಇದೇ ಥರ ಒಂದು ನಡೆದಿದೆ, ಚಿಕ್ಕದಾಗಿ ಹೇಳ್ತೀನಿ. ಕ್ಯಾಮ್ಲೂಪ್ಸ್ ಅಂಚಲ್ಲೇ ಏಜಾಕ್ಸ್ ಅಂತ ತಾಮ್ರ-ಚಿನ್ನದ ಗಣಿ ಪ್ಲಾನ್ ಇತ್ತು, ಪಿಪ್ಸೆಲ್ ಅನ್ನೋ ಕೆರೆ ಹತ್ತಿರ. ಅಲ್ಲಿನ ಸೆಕ್ವೆಪೆಮ್ಕ್ ಜನ ಸರ್ಕಾರದ ವಿಚಾರಣೆಗೇ ಕಾಯದೇ ತಮ್ಮದೇ ಪದ್ಧತಿ ಪ್ರಕಾರ, ಹಿರಿಯರು ಯುವಕರು ಮನೆತನಗಳ ಪ್ರತಿನಿಧಿಗಳನ್ನ ಕೂರಿಸಿ, ಕಂಪನಿ, ಸರ್ಕಾರ, ಎಕ್ಸ್‌ಪರ್ಟ್ ಎಲ್ಲರನ್ನೂ ತಮ್ಮ ಪ್ಯಾನೆಲ್ ಮುಂದೆ ಕರೆಸಿ ಕೇಳಿ 2017ರ ಮಾರ್ಚ್‌ನಲ್ಲಿ ಬೇಡ ಅಂತ ಹೇಳಿದ್ರು. ಅದೇ ವರ್ಷ ಡಿಸೆಂಬರ್‌ನಲ್ಲಿ ಪ್ರಾಂತ್ಯ, ಮುಂದಿನ ವರ್ಷ ಕೇಂದ್ರ ಕೂಡಾ ಬೇಡ ಅಂತು. ವಿಚಾರಣೆ ಮಾಡೋ ಕುರ್ಚೀಲಿ ಯಾರು ಕೂತಿದಾರೆ ಅನ್ನೋದು ಬದಲಾದಾಗ ಪ್ರಶ್ನೆಗಳೇ ಬದಲಾಗ್ತವೆ. ಇನ್ನೊಂದು ಕಡೆ, ಉತ್ತರದ ಟಾಲ್ಟನ್ ರಾಷ್ಟ್ರ ಎಸ್ಕೇ ಕ್ರೀಕ್ ಗಣಿ ವಿಷಯದಲ್ಲಿ 2022ರಲ್ಲಿ ಪ್ರಾಂತ್ಯದ ಜೊತೆ ಒಪ್ಪಿಗೆ ಆಧಾರಿತ ತೀರ್ಮಾನದ ಮೊದಲ ಒಪ್ಪಂದಕ್ಕೆ ಬಂತು, ಅಂದ್ರೆ ಮೂಲನಿವಾಸಿಗಳು ಅಂದ್ರೆ ಗಣಿಗೆ ಯಾವಾಗಲೂ ಅಡ್ಡ ಅನ್ನೋದು ತಪ್ಪು ತಿಳುವಳಿಕೆ. ಅವರ ಕೈಯಲ್ಲಿ ತೀರ್ಮಾನ ಇರಬೇಕು ಅಷ್ಟೇ.

2019ರ ಹೊಸ ಕಾನೂನು ಬಂದ ಮೇಲೆ ಸರ್ವಿಸ್ ಒಂದಷ್ಟು ಸುಧಾರಿಸಿದೆ. ಪ್ರಾಜೆಕ್ಟ್ ಶುರುವಿನಲ್ಲೇ 180 ದಿನದವರೆಗೆ ಪ್ಲಾನಿಂಗ್ ಹಂತ ಅಂತಿದೆ, ಮೂಲನಿವಾಸಿಗಳ ಜ್ಞಾನವನ್ನ ಪರಿಗಣಿಸಲೇಬೇಕು. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನಿನ ದೊಡ್ಡ ಭಾಗ ಸಂವಿಧಾನಕ್ಕೆ ವಿರುದ್ಧ, ಪ್ರಾಂತ್ಯಗಳ ಅಧಿಕಾರದೊಳಗೆ ಹೋಗಿದೆ ಅಂದಿತ್ತು, 2024ರಲ್ಲಿ ತಿದ್ದುಪಡಿ ಆಯ್ತು. ಅದರ ವಿವರಕ್ಕೆ ಇಲ್ಲಿ ಹೋಗಲ್ಲ.

ನಮ್ಮ ಕಡೆಯೋರಿಗೆ ಇದರಿಂದ ಏನು ಅಂತ ಕೇಳಬಹುದು. ನಮ್ಮಲ್ಲಿ 2006ರ ಇಐಎ ಅಧಿಸೂಚನೆ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ಇದೆ, ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸತ್ತೆ, ಡೀಸಿಯೋ ಅವರ ಕಡೆಯ ಅಧಿಕಾರಿಯೋ ಅಧ್ಯಕ್ಷತೆ, 30 ದಿನ ಮುಂಚೆ ನೋಟಿಸ್, ವರದಿಯ ಸಾರಾಂಶ ಕನ್ನಡದಲ್ಲಿ ಕೊಡಬೇಕು, ವಿಡಿಯೋ ಮಾಡಬೇಕು. ಸಾರಾಂಶ ಮಾತ್ರ ಕನ್ನಡದಲ್ಲಿ, ಸೋರಿಕೆ ಲೆಕ್ಕ ಇರೋ ಅಸಲಿ ಅಧ್ಯಾಯ ಇಂಗ್ಲಿಷಲ್ಲಿ. ಸಾಮಾನ್ಯವಾಗಿ ಒಂದೇ ದಿನದ ಸಭೆ, ಶಾಮಿಯಾನ ಹಾಕಿ ಮುಗಿಸಿಬಿಡ್ತಾರೆ. ಹಾಗಂತ ನಮ್ಮಲ್ಲಿ ಏನೂ ಇಲ್ಲ ಅಂತಲೂ ಅಲ್ಲ, ಒಪ್ಪಿಗೆ ಅನ್ನೋ ವಿಷಯದಲ್ಲಿ ನಿಯಮಗಿರಿ ಕೆನಡಾಗಿಂತ ಮುಂದೆ ಹೋಗಿತ್ತು: 2013ರ ಏಪ್ರಿಲ್ 18ಕ್ಕೆ ನಮ್ಮ ಸುಪ್ರೀಂ ಕೋರ್ಟ್ ಗ್ರಾಮಸಭೆನೇ ಕೇಳಿ ಅಂತು, ಒಡಿಶಾದ ಡೋಂಗ್ರಿಯಾ ಕೊಂಡರು ಇರೋ ಬೆಟ್ಟದ 12 ಗ್ರಾಮಸಭೆಗಳು ಒಂದಾದ ಮೇಲೊಂದು ಬಾಕ್ಸೈಟ್ ಗಣಿ ಬೇಡ ಅಂತ ಹೇಳಿದ್ವು, 2014ರ ಜನವರಿಯಲ್ಲಿ ಕೇಂದ್ರ ಅದನ್ನ ಒಪ್ಪಿ ಯೋಜನೆಗೆ ಅನುಮತಿ ಇಲ್ಲ ಅಂತು. ಫಿಶ್ ಲೇಕ್ ಜನರಿಗೆ 2025ರಲ್ಲಿ ಸಿಕ್ಕಿದ್ದು ನಮ್ಮ ಅರಣ್ಯ ಹಕ್ಕು ಕಾಯ್ದೆಯಲ್ಲಿ 2006ರಲ್ಲೇ ಬೀಜವಾಗಿ ಇದೆ. ನಮಗೆ ಬೇಕಾಗಿರೋದು ಅವರ ರಿಜಿಸ್ಟ್ರಿ, ಅವರ ಟ್ರಾನ್ಸ್‌ಕ್ರಿಪ್ಟ್, ಸರ್ಕಾರಿ ವಿಜ್ಞಾನಿ ಕಂಪನಿ ಲೆಕ್ಕ ತಪ್ಪು ಅಂತ ಬಹಿರಂಗವಾಗಿ ಹೇಳೋ ಧೈರ್ಯ. ಅವರಿಗೆ ಬೇಕಾಗಿದ್ದು ನಮ್ಮ ಗ್ರಾಮಸಭೆ.

ಸಂಡೂರು ದೇವದಾರಿ ಬೆಟ್ಟದ ಬಗ್ಗೆಯೋ, ಪಶ್ಚಿಮ ಘಟ್ಟದ ಯಾವುದೋ ಯೋಜನೆ ಬಗ್ಗೆಯೋ ಕೆಲಸ ಮಾಡ್ತಿರೋ ಗೆಳೆಯರಿಗೆ ನನ್ನ ಸಲಹೆ, ಈ ಫೈಲ್ ಒಮ್ಮೆ ತೆಗೆದು ನೋಡಿ. ರಿಜಿಸ್ಟ್ರಿಯಲ್ಲಿ ನ್ಯೂ ಪ್ರಾಸ್ಪೆರಿಟಿ ಅಂತ ಹುಡುಕಿ, ರೆಫರೆನ್ಸ್ ನಂಬರ್ 63928. ಇಐಎಸ್, ಅಂದ್ರೆ ಕಂಪನಿ ಬರೆದ ಪರಿಣಾಮದ ರಿಪೋರ್ಟ್‌ನಿಂದ ಶುರು ಮಾಡಬೇಡಿ, ಸುಸ್ತಾಗಿ ಬಿಟ್ಟುಬಿಡ್ತೀರಿ. ಮೊದಲು ಪ್ಯಾನೆಲ್‌ನ 2013ರ ಅಂತಿಮ ವರದಿ, ಅದರಲ್ಲಿ ನೀರಿನ ಅಧ್ಯಾಯ ಮತ್ತು ಮೂಲನಿವಾಸಿಗಳ ಅಧ್ಯಾಯ. ಆಮೇಲೆ ಸಮುದಾಯ ಹಿಯರಿಂಗ್‌ಗಳ ಟ್ರಾನ್ಸ್‌ಕ್ರಿಪ್ಟ್, ಅವಸರ ಮಾಡದೇ. ಆಮೇಲೆ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಸೋರಿಕೆ ಪತ್ರಗಳು. ಹೊಸ ಪ್ರಾಜೆಕ್ಟ್‌ಗಳ ಪೇಜಲ್ಲಿ ಕಾಮೆಂಟ್ ಅವಧಿ ತೆರೆದಿದ್ರೆ ಅಲ್ಲೇ ಕಾಣ್ಸತ್ತೆ, ಕೆನಡಾದಲ್ಲಿರೋ ಕನ್ನಡದವರು ನಿಮ್ಮ ಊರಿನ ಹತ್ತಿರದ್ದು ಯಾವುದಾದ್ರೂ ಇದೆಯಾ ನೋಡಿ, ಇದ್ರೆ ಆ ನೆಲದ ಮೂಲನಿವಾಸಿ ಸಮುದಾಯದವರು ಏನು ಬರೆದಿದಾರೆ ಅಂತ ಮೊದಲು ಓದಿ ಆಮೇಲೆ ನಿಮ್ಮದು ಬರೀರಿ.